ಪೋಸ್ಟ್‌ಗ್ರೆಸ್ ಅಂಕಿಅಂಶದ ಟೂಲಿಗೆ ಎಐ ಏಜೆಂಟ್ ಓದುವ ಕೈಪಿಡಿ: ಕೆಲಸದ ಟಿಪ್ಪಣಿ

ಯಾವ ಕ್ವೆರಿ (ಡೇಟಾಬೇಸಿಗೆ ಕಳಿಸುವ ಪ್ರಶ್ನೆ) ಎಷ್ಟು ಸಲ ಓಡಿತು, ಎಷ್ಟು ಹೊತ್ತು ತಿಂದಿತು ಅಂತ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಲೆಕ್ಕ ಇಡುವುದು ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ಅನ್ನೋ ಎಕ್ಸ್‌ಟೆನ್ಶನ್. 2009ರಲ್ಲಿ ಬಂದ 8.4 ಆವೃತ್ತಿಯಿಂದಲೂ ಅದು ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತಿದೆ. ಅದರ ಮೇಲೆ ಪೈಥಾನಿನಲ್ಲಿ ನಾನೊಂದು ಚಿಕ್ಕ ಟೂಲ್ ಬರೆದಿದ್ದೆ. ನಾಲ್ಕೇ ಕಮಾಂಡು: ಟಾಪ್, ಕ್ವೆರಿ, ಟೇಬಲ್, ಇಂಡೆಕ್ಸ್. ಕೈಪಿಡಿ ಅಂತ ಏನೂ ಇರಲಿಲ್ಲ. ಹೆಲ್ಪ್ ಅಂತ ಹೊಡೆದರೆ "ಟಾಪ್: ನಿಧಾನದ ಕ್ವೆರಿಗಳನ್ನು ತೋರಿಸುತ್ತದೆ" ಅಂತ ಒಂದು ಸಾಲು ಬರುತ್ತಿತ್ತು, ಅಷ್ಟೆ. ಅರ್ಥ ಆಗದವರು ಪಕ್ಕದ ಸೀಟಿನವರನ್ನು ಕೇಳುತ್ತಿದ್ದರು.

ಈಗ ಟೀಮಿನಲ್ಲಿ ಸುಮಾರು ಜನ ಟರ್ಮಿನಲ್‌ನಲ್ಲಿ ಎಐ ಏಜೆಂಟ್ ಇಟ್ಟುಕೊಂಡು ಕೆಲಸ ಮಾಡುತ್ತಾರೆ. "ಈ ಪೇಜ್ ಯಾಕೆ ನಿಧಾನ, ಸ್ವಲ್ಪ ನೋಡು" ಅಂದರೆ ಸಾಕು. ಏಜೆಂಟೇ ಟೂಲ್ ಓಡಿಸುತ್ತದೆ, ಔಟ್‌ಪುಟ್ ಓದುತ್ತದೆ, ತೀರ್ಪನ್ನೂ ಕೊಡುತ್ತದೆ. ಪಕ್ಕದ ಸೀಟಿನವರನ್ನು ಕೇಳುವ ಅಭ್ಯಾಸ ಮಾತ್ರ ಅದಕ್ಕಿಲ್ಲ. ಸಿಕ್ಕಿದ ಸಂಖ್ಯೆಯನ್ನು ನಂಬಿ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಓದುವವರು ಏಜೆಂಟ್ ಅಂತಲೇ ಗಟ್ಟಿಮಾಡಿಕೊಂಡು ಕೈಪಿಡಿ ಬರೆಯೋಣ ಅಂತ ಕೂತೆ. ಕೈಪಿಡಿ ಇಂಗ್ಲಿಷಿನಲ್ಲಿದೆ, ಇಲ್ಲಿ ಅದರ ತುಣುಕುಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ. ನಮ್ಮ ಸರ್ವರ್ ಪೋಸ್ಟ್‌ಗ್ರೆಸ್ 16.

ಟೂಲ್ ಕೊಡದೆ ಬಿಟ್ಟು ನೋಡಿದ್ದು

ಮೊದಲು ಬರೀ ಡೇಟಾಬೇಸ್ ಕನೆಕ್ಷನ್ ಕೊಟ್ಟು, ಏಜೆಂಟ್ ತಾನಾಗೇ ಏನು ಮಾಡುತ್ತದೆ ಅಂತ ನೋಡಿದೆ. ಅದು ಸೀದಾ ಹೋಗಿ ಟೋಟಲ್_ಟೈಮ್ ಅನ್ನೋ ಕಾಲಮ್ ಕೇಳಿತು. ಅಂಥ ಕಾಲಮ್ ಇಲ್ಲ ಅಂತ ಎರರ್ ಬಂತು. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಲ್ಲೇ ಆ ಹೆಸರು ಟೋಟಲ್_ಎಕ್ಸೆಕ್_ಟೈಮ್ ಅಂತ ಬದಲಾಗಿದೆ. ಪ್ಲಾನಿಂಗ್ (ಕ್ವೆರಿಯನ್ನು ಹೇಗೆ ಓಡಿಸುವುದು ಅಂತ ತೀರ್ಮಾನಿಸುವ) ಸಮಯಕ್ಕೆ ಬೇರೆ ಕಾಲಮ್ ಬಂತಲ್ಲ, ಅದಕ್ಕೆ. ಆದರೆ ಅದಕ್ಕೂ ಹಿಂದಿನ ವರ್ಷಗಳ ಬರಹಗಳೆಲ್ಲ ಹಳೇ ಹೆಸರಿನಲ್ಲೇ ಇವೆ. ಏಜೆಂಟಿನ ಒಳಗಿನ ಮಾಡೆಲ್ ಕಲಿತದ್ದು ಅವನ್ನೂ ಓದಿ ತಾನೆ. 17ರಲ್ಲಿ ಬ್ಲಾಕ್ (ಡೇಟಾ ಇಡುವ ತುಂಡು) ಓದುವ ಸಮಯದ ಕಾಲಮ್‌ಗಳ ಹೆಸರೂ ಬದಲಾಗಿವೆ. ಅಂದರೆ ಈ ಗೊಂದಲ ಇಷ್ಟಕ್ಕೇ ಮುಗಿಯುವುದಲ್ಲ.

ಎರರ್ ಬಂದರೆ ನನಗೇನೂ ತಲೆಬಿಸಿ ಇಲ್ಲ. ಏಜೆಂಟ್ ಎರರ್ ಓದಿ ತಾನೇ ತಿದ್ದಿಕೊಳ್ಳುತ್ತದೆ. ತಲೆಬಿಸಿ ಇರುವುದು ಎರರ್ ಬರದ ಕಡೆ. ಸಂಖ್ಯೆ ಸರಿಯಾಗೇ ಬಂದಿರುತ್ತದೆ, ಅದರಿಂದ ತೆಗೆದ ಅರ್ಥ ಪೂರಾ ಉಲ್ಟಾ ಆಗಿರುತ್ತದೆ. ಕೈಪಿಡಿಯ ಒಂದೊಂದು ಸಾಲೂ ಇಂಥ ಜಾಗಕ್ಕೇ ಖರ್ಚಾಗಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಕಾಲಮ್ ಹೆಸರು, ಆವೃತ್ತಿ ವ್ಯತ್ಯಾಸ ಇವೆಲ್ಲ ಟೂಲಿನ ಒಳಗೆ ಕೋಡಿನಲ್ಲಿ ಇರಲಿ. ಏಜೆಂಟ್ ಅದನ್ನೆಲ್ಲ ಓದಬೇಕಾಗಿಯೇ ಇಲ್ಲ.

ಒಂದೇ ಸಾಲಿನ ಟೇಬಲ್ಲು

ಪರೀಕ್ಷೆಗೆ ಪಿಜಿಬೆಂಚ್ ಅನ್ನೋ ಲೋಡ್ ಹಾಕಿ ಅಳೆಯುವ ಟೂಲ್ ತಗೊಂಡೆ. ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ, ಯಾರು ಬೇಕಾದರೂ ತಮ್ಮ ಮಷೀನಿನಲ್ಲಿ ಓಡಿಸಿ ನೋಡಬಹುದು. ಬ್ಯಾಂಕಿನ ವ್ಯವಹಾರದಂಥ ನಾಲ್ಕು ಟೇಬಲ್ ಮಾಡುತ್ತದೆ. ಸ್ಕೇಲ್ (ಟೇಬಲುಗಳು ಎಷ್ಟು ದೊಡ್ಡದಿರಬೇಕು ಅನ್ನುವ ಅಳತೆ) 1 ಇದ್ದರೆ ಅಕೌಂಟ್ಸ್ ಟೇಬಲಿನಲ್ಲಿ 1,00,000 ಸಾಲು, ಟೆಲ್ಲರ್ಸ್‌ನಲ್ಲಿ 10, ಬ್ರಾಂಚಸ್‌ನಲ್ಲಿ ಒಂದೇ ಒಂದು. ಹಿಸ್ಟರಿ ಖಾಲಿ.

ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿಯಲ್ಲಿ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್‌ಗೆ ಕೊಟ್ಟ ಉದಾಹರಣೆಯೂ ಇದೇ. 10 ಕ್ಲೈಂಟ್, ತಲಾ 300 ವ್ಯವಹಾರ (ಟ್ರಾನ್ಸಾಕ್ಷನ್), ಒಟ್ಟು 3000. ಅಲ್ಲಿನ ಔಟ್‌ಪುಟ್‌ನಲ್ಲಿ ಎಲ್ಲಕ್ಕಿಂತ ಮೇಲೆ ಕೂತಿರುವುದು ಬ್ರಾಂಚಸ್ ಟೇಬಲಿನ ಅಪ್‌ಡೇಟ್: 3000 ಸಲಕ್ಕೆ ಸುಮಾರು 25,565 ಮಿಲಿಸೆಕೆಂಡು. ಅಕೌಂಟ್ಸ್ ಟೇಬಲಿನ ಅಪ್‌ಡೇಟ್ ಕೂಡ 3000 ಸಲವೇ ಓಡಿದೆ, ಅದಕ್ಕೆ ಹಿಡಿದದ್ದು ಸುಮಾರು 271 ಮಿಲಿಸೆಕೆಂಡು. ಲಕ್ಷ ಸಾಲಿನ ಟೇಬಲಿಗಿಂತ ಒಂದು ಸಾಲಿನ ಟೇಬಲ್ ತೊಂಬತ್ತು ಪಟ್ಟಿಗೂ ಜಾಸ್ತಿ ನಿಧಾನ! ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದಾಗಲೂ ಇದೇ ಕ್ರಮದಲ್ಲಿ ಬಂತು.

ಇದನ್ನು ಏಜೆಂಟಿಗೆ ಕೊಟ್ಟು "ಏನು ಸರಿಮಾಡಬೇಕು?" ಅಂತ ಕೇಳಿದೆ. ಬ್ರಾಂಚಸ್ ಟೇಬಲಿನ ಬಿಐಡಿ ಕಾಲಮಿಗೆ ಇಂಡೆಕ್ಸ್ (ಸಾಲು ಬೇಗ ಹುಡುಕಲು ಇಡುವ ಸೂಚಿ) ಹಾಕಿ ಅಂದಿತು. ಬಿಐಡಿ ಅದರ ಪ್ರೈಮರಿ ಕೀ, ಸಾಲನ್ನು ಗುರುತಿಸುವ ಕಾಲಮ್. ಇಂಡೆಕ್ಸ್ ಆಗಲೇ ಇದೆ. ಒಂದು ಸಾಲಿಗೆ ಇಂಡೆಕ್ಸ್ ಇದ್ದರೇನು, ಇಲ್ಲದಿದ್ದರೇನು!

ನಿಜವಾದ ಕಾರಣ ಲಾಕ್. ಹತ್ತೂ ಕ್ಲೈಂಟುಗಳು ಅದೇ ಒಂದು ಸಾಲನ್ನು ತಿದ್ದಲು ಬರುತ್ತವೆ. ಒಬ್ಬರ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಉಳಿದವರು ಕಾಯಬೇಕು. ಆ ಕಾಯುವ ಹೊತ್ತೂ ಟೋಟಲ್_ಎಕ್ಸೆಕ್_ಟೈಮ್‌ಗೇ ಸೇರುತ್ತದೆ. ಕ್ಲೈಂಟ್ ಎಷ್ಟಿವೆಯೋ ಸ್ಕೇಲ್ ಕನಿಷ್ಠ ಅಷ್ಟಾದರೂ ಇರಬೇಕು, ಇಲ್ಲದಿದ್ದರೆ ನೀವು ಅಳೆಯುವುದು ಈ ಜಗಳವನ್ನೇ ಅಂತ ಪಿಜಿಬೆಂಚ್ ಕೈಪಿಡಿ ಎಚ್ಚರಿಸುತ್ತದೆ. ಆದರೆ ಆ ಎಚ್ಚರಿಕೆ ಇರುವ ಪುಟ ಬೇರೆ, ಸಂಖ್ಯೆ ಇರುವ ಪುಟ ಬೇರೆ.

ಟಾಪ್ ಕಮಾಂಡಿನ ವಿವರಣೆಯಲ್ಲಿ ಈಗ ಹೀಗಿದೆ: "ಇಲ್ಲಿನ ಸಮಯ ಗೋಡೆ ಗಡಿಯಾರದ ಸಮಯ. ಲಾಕಿಗೆ ಕಾದದ್ದು, ಡಿಸ್ಕಿಗೆ ಕಾದದ್ದು, ಸಿಪಿಯು ಕೆಲಸ ಎಲ್ಲ ಸೇರಿದೆ. ಒಂದು ಸಲಕ್ಕೆ ಮುಟ್ಟಿದ ಬ್ಲಾಕ್ ಕಡಿಮೆ, ಹಿಡಿದ ಸಮಯ ಜಾಸ್ತಿ ಅಂತಿದ್ದರೆ ಇಂಡೆಕ್ಸ್ ಸಲಹೆ ಕೊಡಬೇಡ. ಲೋಡ್ ಇರುವಾಗಲೇ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ವೇಟ್_ಇವೆಂಟ್_ಟೈಪ್ (ಯಾವುದಕ್ಕೆ ಕಾಯುತ್ತಿದೆ) ಏನಿದೆ ಅಂತ ನೋಡು." ಇದನ್ನು ಸೇರಿಸಿದ ಮೇಲೆ ಅದೇ ಏಜೆಂಟ್ ಅದೇ ಪ್ರಶ್ನೆಗೆ ಮೊದಲು ಬ್ಲಾಕ್ ಲೆಕ್ಕ ನೋಡಿತು, ಆಮೇಲೆ ಲಾಕ್ ಇರಬಹುದು ಅಂದಿತು. ವಿವರಣೆಯಲ್ಲಿ "ನಿಧಾನದ ಕ್ವೆರಿಗಳು" ಅನ್ನೋ ಮಾತನ್ನೇ ತೆಗೆದುಹಾಕಿದೆ. ಟಾಪ್ ತೋರಿಸುವುದು ಒಟ್ಟು ಹೊತ್ತು ಜಾಸ್ತಿ ತಿಂದ ಕ್ವೆರಿಗಳನ್ನು. ಒಂದೊಂದು ಸಲಕ್ಕೆ ಅರ್ಧ ಮಿಲಿಸೆಕೆಂಡಿನಲ್ಲಿ ಮುಗಿದು, ದಿನಕ್ಕೆ ಲಕ್ಷಗಟ್ಟಲೆ ಸಲ ಓಡುವ ಕ್ವೆರಿಯೂ ಅಲ್ಲಿ ಮೇಲೆ ಬರುತ್ತದೆ.

ಅಳೆಯದ ಸೊನ್ನೆ

ಈ ಎಕ್ಸ್‌ಟೆನ್ಶನ್ನಿನಲ್ಲಿ ನನಗೆ ಯಾವತ್ತೂ ಸರಿಬರದ ಒಂದು ಸಂಗತಿ ಇದೆ. ಡಿಸ್ಕ್ ಓದಲು ಹಿಡಿದ ಸಮಯದ ಕಾಲಮ್ ಇದೆ. ಆದರೆ ಟ್ರ್ಯಾಕ್_ಐಒ_ಟೈಮಿಂಗ್ ಅನ್ನೋ ಸೆಟಿಂಗ್ ಆನ್ ಇದ್ದರೆ ಮಾತ್ರ ಅದು ತುಂಬುತ್ತದೆ. ಡಿಫಾಲ್ಟ್ ಆಫ್. ಆಫ್ ಇದ್ದಾಗ ಕಾಲಮಿನಲ್ಲಿ ನಲ್ (ಏನೂ ಇಲ್ಲ ಅನ್ನುವ ಗುರುತು) ಬರಬೇಕಿತ್ತು, ಅಲ್ವಾ? ಬರುವುದು ಸೊನ್ನೆ. ಪ್ಲಾನಿಂಗ್ ಸಮಯದ್ದೂ ಇದೇ ಕಥೆ: ಟ್ರ್ಯಾಕ್_ಪ್ಲಾನಿಂಗ್ ಡಿಫಾಲ್ಟ್ ಆಫ್, ಕಾಲಮಿನಲ್ಲಿ ಸೊನ್ನೆ.

ಏಜೆಂಟ್ ಏನು ಹೇಳುತ್ತದೆ ಅಂತ ಊಹಿಸಬಹುದು. "ಡಿಸ್ಕಿನಿಂದ ಓದಲು ಸ್ವಲ್ಪವೂ ಸಮಯ ಹಿಡಿದಿಲ್ಲ, ಹಾಗಾಗಿ ಸ್ಟೋರೇಜ್ ಸಮಸ್ಯೆ ಅಲ್ಲ." ಓದಲು ಎಷ್ಟು ಅಚ್ಚುಕಟ್ಟಾಗಿದೆ! ಅದೇ ಸಾಲಿನಲ್ಲಿ ಓದಿದ ಬ್ಲಾಕುಗಳ ಸಂಖ್ಯೆ ಲಕ್ಷ ದಾಟಿದ್ದರೂ ಅದಕ್ಕೆ ಅನುಮಾನ ಬರುವುದಿಲ್ಲ.

ಇದನ್ನು ಕೈಪಿಡಿಯಲ್ಲಿ ಬರೆದು ನೋಡಿದೆ. ಕೆಲವು ಸಲ ನೆನಪಿಟ್ಟುಕೊಂಡಿತು, ಮಾತುಕತೆ ಉದ್ದ ಆದಾಗ ಮರೆತಿತು. ಮೇಲೆ ಎಲ್ಲೋ ಓದಿದ ಎಚ್ಚರಿಕೆಗಿಂತ ಕಣ್ಣ ಮುಂದಿನ ಸೊನ್ನೆಗೇ ತೂಕ ಜಾಸ್ತಿ. ಕೊನೆಗೆ ಟೂಲನ್ನೇ ಬದಲಾಯಿಸಿದೆ. ಈಗ ಅದು ಮೊದಲು ಸೆಟಿಂಗ್ ನೋಡುತ್ತದೆ. ಆಫ್ ಇದ್ದರೆ ಸೊನ್ನೆ ಕೊಡುವುದೇ ಇಲ್ಲ, ಆ ಜಾಗದಲ್ಲಿ "ಅಳೆದಿಲ್ಲ, ಟ್ರ್ಯಾಕ್_ಐಒ_ಟೈಮಿಂಗ್ ಆಫ್" ಅಂತ ಬರೆಯುತ್ತದೆ. ಕೈಪಿಡಿಯ ಆ ಪ್ಯಾರಾ ಅಳಿಸಿಹಾಕಿದೆ. ಆಮೇಲಿನ ಕೆಲಸವೆಲ್ಲ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯಿತು. ಕೈಪಿಡಿಗೆ ಒಂದು ಎಚ್ಚರಿಕೆ ಬರೆಯುವುದು, ಅದನ್ನು ಔಟ್‌ಪುಟ್‌ಗೇ ಸೇರಿಸಲು ಆಗುತ್ತದಾ ಅಂತ ನೋಡುವುದು, ಆಗುವುದಾದರೆ ಸೇರಿಸಿ ಕೈಪಿಡಿಯಿಂದ ತೆಗೆಯುವುದು. ಔಟ್‌ಪುಟ್ ಸ್ವಲ್ಪ ಉದ್ದ ಆಯಿತು, ಇರಲಿ.

ಇನ್ನೊಂದು ಸಣ್ಣದು. ಶೇರ್ಡ್ ಬ್ಲಾಕ್ ರೀಡ್ ಅಂದರೆ ಪೋಸ್ಟ್‌ಗ್ರೆಸ್ ತನ್ನ ಬಫರಿನಲ್ಲಿ (ಮೆಮೊರಿಯಲ್ಲಿ ಇಟ್ಟುಕೊಂಡ ಜಾಗದಲ್ಲಿ) ಸಿಗದೆ ಹೊರಗಿಂದ ತಂದ ಬ್ಲಾಕುಗಳು, ತಲಾ 8 ಕೆಬಿ. ಆ ಹೊರಗು ಡಿಸ್ಕೇ ಆಗಬೇಕಿಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ಕ್ಯಾಶ್ ಇದ್ದರೂ ಇರಬಹುದು. ಔಟ್‌ಪುಟ್‌ನಲ್ಲಿ ಆ ಕಾಲಮಿಗೆ "ಬಫರಿನ ಹೊರಗಿಂದ" ಅಂತ ಹೆಸರಿಟ್ಟೆ. "ಡಿಸ್ಕ್ ರೀಡ್" ಅಂತ ಏಜೆಂಟ್ ಬರೆಯುವುದು ಅಲ್ಲಿಗೆ ನಿಂತಿತು.

ಐಡಿಯ ಕೊನೆಯ ಅಂಕೆಗಳು

ಟಾಪ್ ಪಟ್ಟಿಯಿಂದ ಒಂದು ಕ್ವೆರಿ ಐಡಿ ತಗೊಂಡು, ಕ್ವೆರಿ ಕಮಾಂಡಿಗೆ ಕೊಟ್ಟರೆ ಅದರ ಪೂರ್ತಿ ವಿವರ ಬರಬೇಕು. ಟರ್ಮಿನಲ್‌ನಲ್ಲಿ ಸರಿಯಾಗಿ ಬರುತ್ತಿತ್ತು. ಇದೇ ಟೂಲನ್ನು ಎಂಸಿಪಿ ಮೂಲಕವೂ ಜೋಡಿಸಿದ್ದೇವೆ. ಎಂಸಿಪಿ ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಮಾಡೆಲಿಗೆ ಹೊರಗಿನ ಟೂಲ್ ಜೋಡಿಸಲು ಆಂಥ್ರಾಪಿಕ್ 2024ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ ಪದ್ಧತಿ. ಆ ದಾರಿಯಲ್ಲಿ ಬಂದಾಗ ಮಾತ್ರ "ಈ ಐಡಿ ಇಲ್ಲ" ಅಂತ ಉತ್ತರ. ಏಜೆಂಟ್ ಅದಕ್ಕೂ ಒಂದು ವ್ಯಾಖ್ಯಾನ ಕೊಟ್ಟಿತು: ಈ ಕ್ವೆರಿ ಅಂಕಿಅಂಶದಿಂದ ಹೊರಬಿದ್ದಿದೆ, ಅಷ್ಟೇನೂ ಮುಖ್ಯವಲ್ಲ!

ಕ್ವೆರಿ ಐಡಿ 64 ಬಿಟ್ಟಿನ ಪೂರ್ಣಾಂಕ. ಜಾವಾಸ್ಕ್ರಿಪ್ಟಿನ ನಂಬರ್ ಪೂರ್ಣಾಂಕಗಳನ್ನು ನಿಖರವಾಗಿ ಹಿಡಿಯುವುದು 9,00,71,99,25,47,40,992ರ ತನಕ, ಅಂದರೆ ಎರಡರ ಘಾತ 53. ಅದರಾಚೆ ಕೊನೆಯ ಅಂಕೆಗಳು ರೌಂಡ್ ಆಗುತ್ತವೆ. ಬ್ರೌಸರ್ ಕನ್ಸೋಲಿನಲ್ಲಿ 1234567890123456789 ಅಂತ ಹೊಡೆದು ನೋಡಿ. 1234567890123456800 ಅಂತ ತೋರಿಸುತ್ತದೆ. ನಮ್ಮ ಟೂಲ್ ಪೈಥಾನ್, ಅದಕ್ಕೆ ಈ ಕಾಯಿಲೆ ಇಲ್ಲ. ಆದರೆ ಮಧ್ಯದಲ್ಲಿ ಜೇಸನ್ (ಟೂಲ್ ಉತ್ತರ ಕಳಿಸುವ ಡೇಟಾ ರೂಪ) ಓದುವ ಕ್ಲೈಂಟ್ ಜಾವಾಸ್ಕ್ರಿಪ್ಟಿನದು.

ಐಡಿಯನ್ನು ಕೋಟ್ ಹಾಕಿ ಸ್ಟ್ರಿಂಗ್ ಆಗಿ ಕಳಿಸಿದರೆ ಆಯಿತು, ಒಂದು ಸಾಲಿನ ಬದಲಾವಣೆ. ಟೂಲಿಗೆ ಏನು ಕೊಡಬೇಕು ಅಂತ ಹೇಳುವ ಸ್ಕೀಮಾದಲ್ಲೂ ಅದು ಸ್ಟ್ರಿಂಗ್ ಅಂತಲೇ ಬರೆದೆ. ಮೈನಸ್ ಚಿಹ್ನೆ ಇರಬಹುದು, ಅದನ್ನು ಬಿಡಬಾರದು ಅಂತ ಒಂದು ಮಾತು ಸೇರಿಸಿದೆ. ಐಡಿ ಸಿಗದಿದ್ದಾಗ ಬರುವ ಸಂದೇಶವನ್ನೂ ಉದ್ದ ಮಾಡಿದೆ: "ಈ ಐಡಿ ಇಲ್ಲ. ಟಾಪ್ ಕೊಟ್ಟ ಸ್ಟ್ರಿಂಗನ್ನು ಹಾಗೇ ಕಳಿಸಿದ್ದೀಯಾ ನೋಡು. ಹೌದಾದರೆ ಈ ನಮೂದು ಜಾಗ ಸಾಲದೆ ತೆಗೆಯಲ್ಪಟ್ಟಿರಬಹುದು. ಮುಖ್ಯವಲ್ಲ ಅಂತ ಅರ್ಥವಲ್ಲ." ಏಜೆಂಟ್ ತಪ್ಪದೆ ಓದುವುದು ಎರರ್ ಸಂದೇಶವನ್ನು. ಕೈಪಿಡಿಯ ಒಳ್ಳೇ ಪ್ಯಾರಾಗಳು ಇರಬೇಕಾದ ಜಾಗ ಅದು.

ಪಟ್ಟಿಯಲ್ಲಿ ಇಲ್ಲದವರು

ಒಟ್ಟು ಎಷ್ಟು ಬಗೆಯ ಕ್ವೆರಿಗಳನ್ನು ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ಮಿತಿ ಇದೆ, ಡಿಫಾಲ್ಟ್ 5000. ತುಂಬಿದಾಗ ಕಡಿಮೆ ಸಲ ಓಡಿದ್ದನ್ನು ಎತ್ತಿ ಹೊರಗೆ ಹಾಕುತ್ತದೆ. ಕಡಿಮೆ ಸಲ ಓಡುವುದು ಯಾವುದು? ರಾತ್ರಿ ಒಂದು ಸಲ ಓಡಿ ಅರ್ಧ ಗಂಟೆ ಸರ್ವರನ್ನು ಅಲ್ಲಾಡಿಸುವ ರಿಪೋರ್ಟ್! ಅದೇ ಮೊದಲು ಹೊರಗೆ ಹೋಗುತ್ತದೆ. ಐಎನ್ ಪಟ್ಟಿ ಇರುವ ಕ್ವೆರಿಗಳು ಈ ಮಿತಿಯನ್ನು ಬೇಗ ತುಂಬಿಸುತ್ತವೆ. ಪಟ್ಟಿಯಲ್ಲಿ ಮೂರು ಐಡಿ ಇದ್ದರೆ ಒಂದು ನಮೂದು, ನಾಲ್ಕು ಇದ್ದರೆ ಇನ್ನೊಂದು. 2025ರ ಪೋಸ್ಟ್‌ಗ್ರೆಸ್ 18ರಲ್ಲಿ ಪಟ್ಟಿಯಲ್ಲಿರುವುದು ಸ್ಥಿರ ಸಂಖ್ಯೆ, ಪದಗಳಾಗಿದ್ದರೆ ಇಂಥವನ್ನು ಒಂದೇ ನಮೂದಾಗಿ ಸೇರಿಸುತ್ತಾರೆ. ನಾವಿನ್ನೂ 16ರಲ್ಲಿದ್ದೇವೆ, ಸಹಿಸಿಕೊಳ್ಳಬೇಕು.

ಇದಕ್ಕಿಂತ ದೊಡ್ಡ ಗೈರುಹಾಜರಿ ಇನ್ನೊಂದು. ಮಧ್ಯದಲ್ಲೇ ರದ್ದಾದ ಅಥವಾ ಎರರ್ ಬಂದು ನಿಂತ ಕ್ವೆರಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪೂರ್ತಿ ಮುಗಿದದ್ದಷ್ಟೇ ದಾಖಲಾಗುತ್ತದೆ. ಸ್ಟೇಟ್‌ಮೆಂಟ್_ಟೈಮ್‌ಔಟ್ (ಇಷ್ಟು ಹೊತ್ತು ದಾಟಿದರೆ ಕ್ವೆರಿ ನಿಲ್ಲಿಸುವ ಸೆಟಿಂಗ್) 30 ಸೆಕೆಂಡ್ ಇಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಪ್ರತಿ ಸಲ 30 ಸೆಕೆಂಡ್ ಓಡಿ ಸಾಯುವ ಕ್ವೆರಿ ಈ ಪಟ್ಟಿಯಲ್ಲಿ ಹುಡುಕಿದರೂ ಸಿಗದು. ಬಳಕೆದಾರರು ಬೈಯುತ್ತಿರುವುದು ಅದಕ್ಕೇ, ಏಜೆಂಟ್ "ಎಲ್ಲಾ ಚೆನ್ನಾಗಿದೆ" ಅನ್ನುತ್ತಿರುತ್ತದೆ.

ಇದಕ್ಕೆ ಔಟ್‌ಪುಟ್‌ನಲ್ಲಿ ಮದ್ದಿಲ್ಲ. ಇಲ್ಲದ್ದನ್ನು ತೋರಿಸುವುದು ಹೇಗೆ? ಹಾಗಾಗಿ ಕೈಪಿಡಿಯ ತಲೆಯಲ್ಲೇ, ಎಲ್ಲಕ್ಕಿಂತ ಮೊದಲು, "ಈ ಟೂಲ್ ಉತ್ತರಿಸಲಾಗದ ಪ್ರಶ್ನೆಗಳು" ಅಂತ ಒಂದು ಭಾಗ ಮಾಡಿದೆ. ಟೈಮ್‌ಔಟ್ ಆದ ಕ್ವೆರಿ ಯಾವುದು: ಇಲ್ಲಿ ಗೊತ್ತಾಗದು, ಸರ್ವರ್ ಲಾಗ್ ನೋಡು. ಈ ಕ್ಷಣ ಏನು ಓಡುತ್ತಿದೆ: ಇಲ್ಲಿ ಗೊತ್ತಾಗದು. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಏನಾಯಿತು: ಆ ಹೊತ್ತಿನ ಸ್ನ್ಯಾಪ್‌ಶಾಟ್ ಇದ್ದರೆ ಮಾತ್ರ. ಯಾವ ಬಳಕೆದಾರರ ಯಾವ ರಿಕ್ವೆಸ್ಟ್: ಗೊತ್ತಾಗದು. ನಾನು ಬರೆದದ್ದರಲ್ಲಿ ಏಜೆಂಟಿನ ನಡವಳಿಕೆಯನ್ನು ಎಲ್ಲಕ್ಕಿಂತ ಜಾಸ್ತಿ ಬದಲಾಯಿಸಿದ್ದು ಈ ಭಾಗವೇ. ಏನು ಮಾಡಬಲ್ಲೆ ಅಂತ ಹೇಳುವ ಕೈಪಿಡಿ ಎಲ್ಲರ ಬಳಿಯೂ ಇದೆ. ಏನು ಆಗದು ಅಂತ ಬರೆದುಕೊಟ್ಟರೆ ಮಾತ್ರ ಅದು "ಗೊತ್ತಿಲ್ಲ, ಲಾಗ್ ಕೊಡಿ" ಅನ್ನುತ್ತದೆ.

ಜಾಗ ಸಾಲದೆ ನಮೂದುಗಳನ್ನು ಎಷ್ಟು ಸಲ ತೆಗೆಯಬೇಕಾಯಿತು ಅನ್ನುವುದು ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್_ಇನ್ಫೋದಲ್ಲಿ ಡೀಅಲಾಕ್ ಅಂತ ಸಿಗುತ್ತದೆ, 14ರಿಂದ. ಲೆಕ್ಕ ಶುರುವಾದದ್ದು ಯಾವಾಗ ಅನ್ನುವುದೂ ಅಲ್ಲೇ ಇದೆ. ಇವೆರಡೂ ಈಗ ಪ್ರತಿ ಔಟ್‌ಪುಟ್‌ನ ಮೊದಲ ಸಾಲಿನಲ್ಲೇ ಬರುತ್ತವೆ.

ಯಾವಾಗಿನಿಂದ?

ಈ ಸಂಖ್ಯೆಗಳೆಲ್ಲ ಮನೆಯ ಕರೆಂಟ್ ಮೀಟರಿನ ಹಾಗೆ ಕೂಡುತ್ತಲೇ ಹೋಗುತ್ತವೆ. ಈ ತಿಂಗಳದ್ದು ಬೇಕಾದರೆ ಹೋದ ತಿಂಗಳ ರೀಡಿಂಗ್ ಕೈಯಲ್ಲಿರಬೇಕು. ನಾವು ಗಂಟೆಗೊಂದು ಸ್ನ್ಯಾಪ್‌ಶಾಟ್ ತೆಗೆದು ಬೇರೆ ಟೇಬಲಿನಲ್ಲಿ ಇಡುತ್ತೇವೆ. ಟಾಪ್ ಕಮಾಂಡಿಗೆ ಎಲ್ಲಿಂದ ಎಲ್ಲಿವರೆಗೆ ಅಂತ ಎರಡು ಹೊತ್ತು ಕೊಟ್ಟರೆ ವ್ಯತ್ಯಾಸ ಕೊಡುತ್ತದೆ. ಮೊದಲು ಇದು ಬೇಕಾದರೆ ಕೊಡುವ ಆಯ್ಕೆ ಆಗಿತ್ತು. ಆಯ್ಕೆ ಅಂತ ಬಿಟ್ಟರೆ ಏಜೆಂಟ್ ಕೊಡುವುದೇ ಇಲ್ಲ, ಮೂರು ತಿಂಗಳ ಒಟ್ಟು ಲೆಕ್ಕ ತಗೊಂಡು ಇವತ್ತಿನ ಸಮಸ್ಯೆ ಬಗೆಹರಿಸಲು ಹೊರಡುತ್ತದೆ. ಈಗ ಕಡ್ಡಾಯ ಮಾಡಿದ್ದೇನೆ.

ವ್ಯತ್ಯಾಸ ತೆಗೆಯುವಾಗ ಮೈನಸ್ ಬರಬಹುದು. ನಮೂದು ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಲೆಕ್ಕ ಒಂದರಿಂದ ಶುರು. ಆಗ ಟೂಲ್ ಕಳೆಯಲು ಹೋಗುವುದಿಲ್ಲ, "ಮಧ್ಯದಲ್ಲಿ ಹೊಸದಾಗಿ ಶುರುವಾಗಿದೆ" ಅಂತ ಗುರುತು ಹಾಕುತ್ತದೆ. 17ರಲ್ಲಿ ಪ್ರತಿ ನಮೂದಿಗೂ ಸ್ಟ್ಯಾಟ್ಸ್_ಸಿನ್ಸ್ ಕಾಲಮ್ ಇದೆ, ಆವೃತ್ತಿ ಏರಿಸಿದಾಗ ಈ ಒದ್ದಾಟ ತಪ್ಪುತ್ತದೆ. ಇನ್ನೊಂದು: ಅದೇ ಕ್ವೆರಿಯನ್ನು ಇಬ್ಬರು ಡೇಟಾಬೇಸ್ ಯೂಸರ್‌ಗಳು ಓಡಿಸಿದರೆ ಎರಡು ಸಾಲು ಬರುತ್ತದೆ. ಫಂಕ್ಷನ್ನಿನ ಒಳಗಿನದನ್ನೂ ಲೆಕ್ಕ ಇಡುವ ಹಾಗೆ ಸೆಟ್ ಮಾಡಿದ್ದರೆ, ಹೊರಗೆ ಓಡಿದ್ದು ಒಳಗೆ ಓಡಿದ್ದು ಬೇರೆ ಬೇರೆ. ಕೂಡಿಸುವ ಕೆಲಸ ಏಜೆಂಟಿಗೆ ಬಿಡಲಿಲ್ಲ.

$1 ಇಟ್ಟುಕೊಂಡು ಪ್ಲಾನ್ ನೋಡುವುದು

ಪಟ್ಟಿಯಲ್ಲಿ ಸಿಗುವ ಕ್ವೆರಿಯಲ್ಲಿ ನಿಜವಾದ ಬೆಲೆಗಳು (ವ್ಯಾಲ್ಯೂಗಳು) ಇರುವುದಿಲ್ಲ, ಅವುಗಳ ಜಾಗದಲ್ಲಿ $1, $2 ಇರುತ್ತವೆ. ಅದಕ್ಕೆ ಎಕ್ಸ್‌ಪ್ಲೇನ್ (ಪ್ಲಾನ್ ತೋರಿಸುವ ಕಮಾಂಡ್) ಹಾಕಿದರೆ $1 ಅನ್ನೋ ಪ್ಯಾರಾಮೀಟರ್ ಇಲ್ಲ ಅಂತ ಎರರ್. ಆಗ ಏಜೆಂಟ್ ಏನು ಮಾಡುತ್ತದೆ ಗೊತ್ತಾ? ತಾನೇ ಬೆಲೆಗಳನ್ನು ಕಲ್ಪಿಸಿಕೊಂಡು ತುಂಬುತ್ತದೆ. ಐಡಿ ಇದ್ದರೆ 1, ಹೆಸರಿದ್ದರೆ "ಟೆಸ್ಟ್". ಅಂಥ ಬೆಲೆ ಟೇಬಲಿನಲ್ಲೇ ಇಲ್ಲದಿದ್ದರೆ ಬರುವ ಪ್ಲಾನ್ ಯಾವ ಊರಿಂದು! ಇನ್ನೂ ಭಯದ್ದು ಅಂದರೆ ಎಕ್ಸ್‌ಪ್ಲೇನ್ ಅನಲೈಸ್. ಅದು ಕ್ವೆರಿಯನ್ನು ನಿಜವಾಗಿ ಓಡಿಸುತ್ತದೆ. ಡಿಲೀಟ್ ಇದ್ದರೆ ಡಿಲೀಟ್ ಆಗೇ ಆಗುತ್ತದೆ.

ಪೋಸ್ಟ್‌ಗ್ರೆಸ್ 16ರಲ್ಲಿ ಎಕ್ಸ್‌ಪ್ಲೇನ್‌ಗೆ ಜೆನೆರಿಕ್_ಪ್ಲಾನ್ ಅನ್ನೋ ಆಯ್ಕೆ ಬಂದಿದೆ. $1 ಇದ್ದ ಹಾಗೇ ಪ್ಲಾನ್ ಕೊಡುತ್ತದೆ, ಅನಲೈಸ್ ಜೊತೆ ಸೇರಿಸಲು ಬಿಡುವುದಿಲ್ಲ. ನಮಗೆ ಬೇಕಾದದ್ದು ಸರಿಯಾಗಿ ಇದೇ. ಹಾಗಾಗಿ ಪ್ಲಾನ್ ಅನ್ನೋ ಐದನೇ ಕಮಾಂಡ್ ಸೇರಿಸಿದೆ. ಅದಕ್ಕೆ ಎಸ್‌ಕ್ಯೂಎಲ್ ಕೊಡುವಂತಿಲ್ಲ, ಕ್ವೆರಿ ಐಡಿ ಮಾತ್ರ. ಒಂದು ತೊಡಕು ಉಳಿಯಿತು. ಕೋಡಿನಲ್ಲಿ ಇಂಟರ್ವಲ್ '1 ಡೇ' ಅಂತ ಬರೆದದ್ದು ಪಟ್ಟಿಯಲ್ಲಿ ಇಂಟರ್ವಲ್ $1 ಆಗಿರುತ್ತದೆ, ಅದು ಪೋಸ್ಟ್‌ಗ್ರೆಸ್ ವ್ಯಾಕರಣಕ್ಕೆ ಒಗ್ಗದು. ಟೂಲ್ ಅದನ್ನು $1::ಇಂಟರ್ವಲ್ ಅನ್ನೋ ಟೈಪ್ ಕಾಸ್ಟ್ ರೂಪಕ್ಕೆ ತಿರುಗಿಸಿ ಓಡಿಸುತ್ತದೆ.

ಜೆನೆರಿಕ್ ಪ್ಲಾನಿಗೂ ಒಂದು ಮಾತು ಬೇಕು. ಸ್ಟೇಟಸ್ ಕಾಲಮಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು "ಮುಗಿದಿದೆ", ಒಂದು "ಬಾಕಿ" ಇದ್ದರೆ ಬಾಕಿ ಹುಡುಕುವ ನಿಜವಾದ ಪ್ಲಾನ್ ಬೇರೆಯೇ ಇರಬಹುದು. "ಇದು ಬೆಲೆ ನೋಡದೆ ಮಾಡಿದ ಪ್ಲಾನ್, ಓಡಿಸಿ ನೋಡಿದ್ದಲ್ಲ" ಅಂತ ಔಟ್‌ಪುಟ್‌ನ ತಲೆಯಲ್ಲೇ ಹಾಕಿದೆ.

ಬೀಗ

ಇಲ್ಲಿ ಕೈಪಿಡಿಯ ಮೇಲೆ ಭಾರ ಹಾಕಲಿಲ್ಲ. "ದಯವಿಟ್ಟು ಲೆಕ್ಕ ರೀಸೆಟ್ ಮಾಡಬೇಡ" ಅಂತ ಬರೆಯುವುದು ಸುಮ್ನೆ ಸಮಾಧಾನಕ್ಕೆ. ಟೂಲ್ ಬಳಸುವ ಡೇಟಾಬೇಸ್ ರೋಲಿಗೆ ಪಿಜಿ_ರೀಡ್_ಆಲ್_ಸ್ಟ್ಯಾಟ್ಸ್ ಸೇರಿಸಿದೆ. ಅದಿಲ್ಲದಿದ್ದರೆ ಬೇರೆ ಯೂಸರ್‌ಗಳ ಕ್ವೆರಿಯ ಜಾಗದಲ್ಲಿ ಅನುಮತಿ ಸಾಲದು ಅಂತ ಬರುತ್ತದೆ. ಪ್ಲಾನ್ ನೋಡಲು ಟೇಬಲುಗಳ ಮೇಲೆ ಹಕ್ಕು ಬೇಕಾಗುತ್ತದೆ, ಅದಕ್ಕೆ ಓದುವ ಹಕ್ಕು ಮಾತ್ರ ಕೊಟ್ಟೆ. ಅಪ್‌ಡೇಟ್, ಡಿಲೀಟ್‌ಗಳ ಪ್ಲಾನ್ ಹಾಗಾಗಿ ಸಿಗುವುದಿಲ್ಲ, ಪರವಾಗಿಲ್ಲ. ರೀಸೆಟ್ ಫಂಕ್ಷನ್ ಡಿಫಾಲ್ಟ್ ಆಗಿ ಸೂಪರ್‌ಯೂಸರಿಗೆ ಮಾತ್ರ, ಹಾಗೇ ಬಿಟ್ಟೆ.

ರೀಡ್ ಓನ್ಲಿ ಟ್ರಾನ್ಸಾಕ್ಷನ್ನಿನಲ್ಲಿ ಓಡಿಸಿದರೆ ಸಾಕಲ್ಲ ಅಂತ ಒಬ್ಬರು ಕೇಳಿದರು. ಸಾಲದು. ಏಜೆಂಟ್ ಕೊಟ್ಟ ಎಸ್‌ಕ್ಯೂಎಲ್ಲನ್ನು ಹಾಗೇ ಓಡಿಸುವ ಟೂಲ್ ಆಗಿದ್ದರೆ, ಮೊದಲಲ್ಲೇ ಕಮಿಟ್ ಅಂತ ಬರೆದು ಸೆಮಿಕೋಲನ್ ಹಾಕಿದರೆ ಆ ಟ್ರಾನ್ಸಾಕ್ಷನ್ ಮುಗಿದುಹೋಗುತ್ತದೆ, ಮುಂದಿನದು ಹೊರಗೆ ಓಡುತ್ತದೆ. ಎಂಸಿಪಿಯಲ್ಲಿ ಟೂಲ್ ಓದುವುದಷ್ಟೇ ಮಾಡುತ್ತದೆ ಅಂತ ಗುರುತು ಹಾಕುವ ಸೌಲಭ್ಯ ಇದೆ, ಹಾಕಿದ್ದೇನೆ. ಅದು ಬರೀ ಸೂಚನೆ, ಬೀಗ ಅಲ್ಲ.

ಕ್ವೆರಿಯ ಪಠ್ಯದ ಬಗ್ಗೆ ಜಾಸ್ತಿ ಯೋಚಿಸಬೇಕಾಯಿತು. ಸಾಮಾನ್ಯ ಕ್ವೆರಿಗಳಲ್ಲಿ ಬೆಲೆಗಳು $1 ಆಗುತ್ತವೆ ನಿಜ. ಆದರೆ ಯಾರಾದರೂ ಆಲ್ಟರ್ ರೋಲ್ ಅಂತ ಬರೆದು ಪಾಸ್‌ವರ್ಡ್ ಕೊಟ್ಟಿದ್ದರೆ ಆ ಪಾಸ್‌ವರ್ಡ್ ಪಟ್ಟಿಯಲ್ಲಿ ಹಾಗೇ ಕೂತಿರುತ್ತದೆ. ಏಜೆಂಟ್ ಓದಿದರೆ ಅದು ಮಾಡೆಲ್ ಇರುವ ಕಡೆಗೂ ಹೋಯಿತು. ಟೂಲ್ ಈಗ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್, ಮರ್ಜ್ ಮತ್ತು ವಿತ್‌ನಿಂದ ಶುರುವಾಗುವುದನ್ನು ಬಿಟ್ಟು ಬೇರೆ ಯಾವುದರ ಪಠ್ಯವನ್ನೂ ತೋರಿಸುವುದಿಲ್ಲ. (ಪಾಸ್‌ವರ್ಡ್ ಬದಲಾಯಿಸಲು ಪಿಎಸ್‌ಕ್ಯೂಎಲ್‌ನ ಪಾಸ್‌ವರ್ಡ್ ಕಮಾಂಡ್ ಬಳಸಿ, ಅದು ಹ್ಯಾಶ್ ಮಾಡಿಯೇ ಕಳಿಸುತ್ತದೆ.)

ಕಾಮೆಂಟುಗಳದ್ದು ಬೇರೆ ತಕರಾರು. ನಮ್ಮ ಅಪ್ಲಿಕೇಶನ್ ಪ್ರತಿ ಕ್ವೆರಿಗೂ ಯಾವ ಪೇಜಿನಿಂದ ಬಂತು ಅಂತ ಕಾಮೆಂಟ್ ಅಂಟಿಸುತ್ತದೆ. ಕ್ವೆರಿ ಐಡಿ ಲೆಕ್ಕ ಹಾಕುವಾಗ ಕಾಮೆಂಟ್ ಗಣನೆಗೆ ಬರುವುದಿಲ್ಲ, ಮೊದಲ ಸಲ ಓಡಿದಾಗ ಇದ್ದ ಪಠ್ಯವೇ ಉಳಿಯುತ್ತದೆ. ಅಂದರೆ ಕಾಮೆಂಟಿನಲ್ಲಿ "ಆರ್ಡರ್ ಪೇಜ್" ಅಂತಿದ್ದರೂ ಲೆಕ್ಕದಲ್ಲಿ ಬೇರೆ ಹತ್ತು ಪೇಜುಗಳದ್ದೂ ಸೇರಿರಬಹುದು. ಏಜೆಂಟ್ ಆ ಕಾಮೆಂಟ್ ಹಿಡಿದುಕೊಂಡು ಆರ್ಡರ್ ಪೇಜಿನ ಕೋಡ್ ತಿದ್ದಲು ಹೋಗುತ್ತಿತ್ತು. ಮೇಲಾಗಿ ಕಾಮೆಂಟಿನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, ಏಜೆಂಟಿಗೆ ಅಪ್ಪಣೆಯನ್ನೂ. ಎಲ್ಲಾ ಕಾಮೆಂಟ್ ಕಿತ್ತುಹಾಕಿ ಕೊಡುತ್ತೇನೆ ಈಗ.

ಇಂಡೆಕ್ಸ್ ಕಮಾಂಡು, ಇನ್ನೂ ಬಾಕಿ

ಪರೀಕ್ಷೆಗೆ ಪ್ರಶ್ನೆಗಳ ಒಂದು ಫೈಲ್ ಇಟ್ಟಿದ್ದೇನೆ. ಪಿಜಿಬೆಂಚ್ ಟೇಬಲುಗಳ ಮೇಲೆ ಬೇಕಂತಲೇ ಮಾಡಿಟ್ಟ ಸಮಸ್ಯೆಗಳು, ಅವುಗಳ ಸರಿಯುತ್ತರ ನನಗೆ ಗೊತ್ತು. ಕೆಲವಕ್ಕೆ "ಇದರಿಂದ ಹೇಳಲಾಗದು" ಅನ್ನುವುದೇ ಸರಿಯುತ್ತರ. ಕೈಪಿಡಿಯಲ್ಲಿ ಏನೇ ಬದಲಾದರೂ, ಮಾಡೆಲ್ ಬದಲಾದರೂ, ಮತ್ತೆ ಓಡಿಸುತ್ತೇವೆ. ಲಾಕಿನ ಪ್ರಶ್ನೆ, ಸೊನ್ನೆಯ ಪ್ರಶ್ನೆ, ಟೈಮ್‌ಔಟ್ ಪ್ರಶ್ನೆ ಈಗ ಪಾಸಾಗುತ್ತಿವೆ. ಪದೇ ಪದೇ ಬೀಳುತ್ತಿರುವುದು ಒಂದೇ: "ಯಾವ ಇಂಡೆಕ್ಸ್ ತೆಗೆಯಬಹುದು?"

ಐಡಿಎಕ್ಸ್_ಸ್ಕ್ಯಾನ್ (ಇಂಡೆಕ್ಸ್ ಎಷ್ಟು ಸಲ ಬಳಕೆಯಾಯಿತು) ಸೊನ್ನೆ ಕಂಡರೆ ಸಾಕು, ತೆಗೆಯಿರಿ ಅನ್ನುತ್ತದೆ ಏಜೆಂಟ್. ಆ ಲೆಕ್ಕ ಆ ಸರ್ವರಿನದು ಮಾತ್ರ. ರೆಪ್ಲಿಕಾದಲ್ಲಿ (ಡೇಟಾದ ನಕಲು ಇರುವ ಇನ್ನೊಂದು ಸರ್ವರಿನಲ್ಲಿ) ರಿಪೋರ್ಟುಗಳು ಅದೇ ಇಂಡೆಕ್ಸ್ ಬಳಸುತ್ತಿದ್ದರೆ ಪ್ರೈಮರಿಯಲ್ಲಿ (ಮೂಲ ಸರ್ವರಿನಲ್ಲಿ) ಅದು ಕಾಣುವುದಿಲ್ಲ. ಯುನೀಕ್ ಇಂಡೆಕ್ಸ್ ಡೂಪ್ಲಿಕೇಟ್ ತಡೆಯುವ ಕೆಲಸ ದಿನವಿಡೀ ಮಾಡುತ್ತಿದ್ದರೂ ಇನ್ಸರ್ಟ್ ಹೊತ್ತಿನ ಆ ತಪಾಸಣೆ ಸ್ಕ್ಯಾನ್ ಲೆಕ್ಕಕ್ಕೆ ಸೇರದು. ಸರ್ವರ್ ಕ್ರ್ಯಾಶ್ ಆಗಿ ಎದ್ದರೆ ಲೆಕ್ಕವೆಲ್ಲ ಸೊನ್ನೆಯಿಂದ ಶುರು. ಇದನ್ನೆಲ್ಲ ಕೈಪಿಡಿಯಲ್ಲಿ ಬರೆದಾಯಿತು, ಔಟ್‌ಪುಟ್‌ನಲ್ಲೂ ಹಾಕಿದ್ದಾಯಿತು. "ರೆಪ್ಲಿಕಾ ಪರಿಶೀಲಿಸಿ" ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿ, ಮೇಲೆ ಡ್ರಾಪ್ ಇಂಡೆಕ್ಸ್ ಅಂತ ಬರೆದೇ ಬಿಡುತ್ತದೆ. ಓದುವವರು ಕಾಪಿ ಮಾಡುವುದು ಮೇಲಿನದನ್ನು ತಾನೆ.

ಸದ್ಯಕ್ಕೆ ಮಾಡಿರುವುದು ಇಷ್ಟು. ರೆಪ್ಲಿಕಾದ ಕನೆಕ್ಷನ್ ಕೊಡದಿದ್ದರೆ ಇಂಡೆಕ್ಸ್ ಕಮಾಂಡ್ ಸ್ಕ್ಯಾನ್ ಸಂಖ್ಯೆಯನ್ನೇ ಕೊಡುವುದಿಲ್ಲ, ಗಾತ್ರ ಮತ್ತು ವ್ಯಾಖ್ಯೆ ಮಾತ್ರ. ಕೊಟ್ಟರೆ ಎರಡೂ ಕಡೆಯದನ್ನು ಕೂಡಿಸಿ, ಕೊನೆಯ ಸಲ ಬಳಸಿದ ದಿನಾಂಕದ ಜೊತೆ ಕೊಡುತ್ತದೆ. ಆ ದಿನಾಂಕದ ಕಾಲಮ್ 16ರಿಂದಲೇ ಇದೆ. ಯುನೀಕ್ ಇಂಡೆಕ್ಸುಗಳನ್ನು ಪಟ್ಟಿಯಿಂದಲೇ ಬಿಟ್ಟಿದ್ದೇನೆ. ಹೀಗೆ ಮಾಡಿದ ಮೇಲೂ ಒಂದು ಮಾಡೆಲ್ ಇಂಡೆಕ್ಸಿನ ಗಾತ್ರ ದೊಡ್ಡದು ಅನ್ನುವುದನ್ನೇ ಕಾರಣ ಮಾಡಿಕೊಂಡು ಡ್ರಾಪ್ ಸಲಹೆ ಕೊಟ್ಟಿತು. ಗಾತ್ರವನ್ನೂ ತೆಗೆದುಬಿಡಲಾ ಅಂತ ಟೀಮಿನಲ್ಲಿ ಚರ್ಚೆ ನಡೆಯುತ್ತಿದೆ. ಮನುಷ್ಯರಿಗೆ ಅದು ಬೇಕು ಅಂತ ಇಬ್ಬರು ಪಟ್ಟು ಹಿಡಿದಿದ್ದಾರೆ.